ಸುಣ್ಣದ ನೀರಿನ ಊರಲ್ಲಿ ಒಂದು ಪಾರ್ಲರ್

ವರ್ಗಾವಣೆಯ ಆದೇಶ ಬಂತೆಂದರೆ ಬಂಧುಬಳಗದವರು ಕೇಳುವ ಪ್ರಶ್ನೆಗಳೆಲ್ಲ ಗೊತ್ತಿರುವಂಥವೇ. ಮನೆ ಸಿಕ್ಕಿತಾ, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಆ ಬಿಸಿಲು ತಡೆಯುತ್ತೀಯಾ, ಜೋಳದ ರೊಟ್ಟಿ ತಿಂದು ಅಭ್ಯಾಸ ಉಂಟಾ. ಐಬ್ರೋ ಎಲ್ಲಿ ಮಾಡಿಸುತ್ತೀ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಶೋಕಿಯ ಮಾತಾದೀತು ಎಂಬ ಸಂಕೋಚ. ದಿನವಿಡೀ ಕೌಂಟರಿನಲ್ಲಿ ಕೂತು ಜನರ ಮುಖ ನೋಡಿ ಮಾತಾಡಬೇಕಾದ ಹೆಂಗಸಿಗೆ ಅದು ಶೋಕಿಯಲ್ಲ. ಹೊಸ ಊರಿನಲ್ಲಿ ನಂಬಿ ತಲೆ ಕೊಡಬಹುದಾದ ಎರಡು ಕೈಗಳನ್ನು ಹುಡುಕುವುದು ಬಾಡಿಗೆ ಮನೆ ಹುಡುಕುವುದಕ್ಕಿಂತ ಕಷ್ಟ ಎಂಬುದು ನನಗೆ ಸೇಡಂನಲ್ಲಿ ತಿಳಿಯಿತು.

2011ರಲ್ಲಿ ಬ್ಯಾಂಕಿನ ಕೆಲಸದ ಮೇಲೆ ತೀರ್ಥಹಳ್ಳಿ ಕಡೆಯಿಂದ ಅಲ್ಲಿಗೆ ಹೋದೆ. ಆಗಿನ್ನೂ ಜಿಲ್ಲೆಯ ಹೆಸರು ಗುಲ್ಬರ್ಗಾ. ಕಲಬುರಗಿ ಆದದ್ದು 2014ರಲ್ಲಿ. ತುಂಗೆಯ ನೀರಿನಲ್ಲಿ ಮಿಂದು ಬೆಳೆದ ತಲೆ ನನ್ನದು. ನಮ್ಮ ಕಡೆ ಸೀಗೆಪುಡಿಯೋ ಶಾಂಪುವೋ ಒಂದಿಷ್ಟು ಹಾಕಿದರೆ ನೊರೆ ತೊಳೆಯುವುದೇ ಒಂದು ಕೆಲಸ. ಸೇಡಂನಲ್ಲಿ ಬಾಡಿಗೆ ಮನೆಯ ಬೋರಿನ ನೀರಿಗೆ ಸೋಪು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಮಾತ್ರ ಕಟ್ಟಿತು. ಕೆಲವೇ ವಾರಗಳಲ್ಲಿ ಕೂದಲು ತೆಂಗಿನ ನಾರಿನಂತಾಯಿತು. ಬಾಚಣಿಗೆಯ ತುಂಬ ಕೂದಲು. ಎಣ್ಣೆ ಬದಲಿಸಿದೆ, ಶಾಂಪೂ ಬದಲಿಸಿದೆ, ಅಮ್ಮನಿಗೆ ಫೋನು ಮಾಡಿ ದಾಸವಾಳದ ಎಲೆಯ ಪುಡಿ ಪಾರ್ಸೆಲ್ ತರಿಸಿದೆ. ಯಾವುದೂ ನಾಟಲಿಲ್ಲ.

ಕಾರಣ ನೆಲದಲ್ಲೇ ಇತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಮಣ್ಣಿನ ಕೆಳಗೆ ಪದರ ಪದರವಾಗಿ ಸುಣ್ಣದಕಲ್ಲು ಹಾಸಿಕೊಂಡಿದೆ. ನಾಡಿನ ಎಷ್ಟೋ ಮನೆ, ಶಾಲೆ, ಕಚೇರಿಗಳ ನೆಲಕ್ಕೆ ಹಾಕಿದ ಶಹಾಬಾದ್ ಫರಸಿ ಇದೇ ಕಲ್ಲು. ಸುಟ್ಟು ಪುಡಿ ಮಾಡಿದರೆ ಸಿಮೆಂಟು. ಈ ಕಲ್ಲಿನ ಸಂದಿಗಳಲ್ಲಿ ಇಳಿದು ಬರುವ ಅಂತರ್ಜಲ ಕ್ಯಾಲ್ಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಸೋಪು ಆ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ, ಆ ಜಿಡ್ಡು ಕೂದಲಿಗೆ ಅಂಟುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಮೊದಲು ಹೇಳಿಕೊಟ್ಟವಳು ಒಬ್ಬ ಪಾರ್ಲರಿನವಳು.

ಅವಳನ್ನು ಹುಡುಕಿದ ಬಗೆಯನ್ನು ಹೇಳಬೇಕು. ಗಂಡಸರಿಗೆ ಈ ತೊಂದರೆ ಇಲ್ಲ. ಯಾವ ಊರಿಗೆ ಹೋಗಲಿ, ಬಸ್ ನಿಲ್ದಾಣದ ಎದುರು ಕಟಿಂಗ್ ಅಂಗಡಿ ಇರುತ್ತದೆ, ಬಾಗಿಲು ತೆರೆದಿರುತ್ತದೆ, ಒಳಗೆ ಯಾರು ಹೇಗೆ ಕ್ಷೌರ ಮಾಡುತ್ತಿದ್ದಾರೆಂದು ರಸ್ತೆಯಿಂದಲೇ ಕಾಣುತ್ತದೆ. ಈ ಸೀಮೆಯಲ್ಲಿ ಆ ಕಸುಬಿಗೆ ಗೌರವದ ಇತಿಹಾಸವೂ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಹತ್ತಿರದವರಾಗಿದ್ದ ಶರಣ ಹಡಪದ ಅಪ್ಪಣ್ಣನವರನ್ನು ಕ್ಷೌರಿಕ ಸಮುದಾಯ ತನ್ನ ಗುರುವೆಂದು ಪೂಜಿಸುತ್ತದೆ. ಕಟಿಂಗ್ ಅಂಗಡಿಯ ಗೋಡೆಯ ಮೇಲೆ ಅವರ ಪಟ ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಆದರೆ ಹೆಂಗಸರಿಗೆ ಹೆಂಗಸರೇ ನಡೆಸುವ ಪಾರ್ಲರು ಇಂಥ ಊರುಗಳಿಗೆ ನಮ್ಮ ಕಾಲದಲ್ಲಿ ಬಂದದ್ದು. ಅದರ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ, ಕಿಟಕಿಗೆ ದಪ್ಪ ಪರದೆ, ಗಾಜಿಗೆ ಹಾಳೆ ಅಂಟಿಸಿರುತ್ತಾರೆ. ‘ಪುರುಷರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನಾಚೆ ಟವೆಲು ಒಗೆದದ್ದೋ ಅಲ್ಲವೋ ಎಂದು ಹೊರಗಿನಿಂದ ತಿಳಿಯುವ ದಾರಿಯೇ ಇಲ್ಲ.

ಸಹೋದ್ಯೋಗಿಗಳೆಲ್ಲ ಆಗ ಗಂಡಸರೇ, ಅವರನ್ನು ಕೇಳಲಾಗದು. ಮನೆಯ ಮಾಲಕಿಗೆ ಆ ವಿಷಯವೇ ಬೇಡ. ಕೊನೆಗೆ ಹೇಳಿದವನು ಬಳೆ ಅಂಗಡಿಯವನು. ಊರಿನ ಎಲ್ಲ ಹೆಂಗಸರ ಕೈ ಅವನಿಗೆ ಗೊತ್ತು, ಯಾರ ಮದುವೆ ಯಾವಾಗ, ಯಾರು ಯಾರ ಹತ್ತಿರ ಮೆಹಂದಿ ಹಾಕಿಸಿದರು ಎಂಬುದೂ ಗೊತ್ತು.

“ಅಕ್ಕಾರ, ಬೋರ್ಡ್ ನೋಡಿ ಹೋಗಬ್ಯಾಡ್ರಿ. ಹಿಂದಿನ ಓಣ್ಯಾಗ ಒಬ್ಬಾಕಿ ಅದಾಳ. ಬೋರ್ಡ್ ಇಲ್ಲ, ಏನಿಲ್ಲ. ಬಾಗಲಿಗಿ ಹಸರ ಪರದಿ ಅದ ನೋಡ್ರಿ. ಕೈ ಭಾಳ ಛಲೋ ಅದ ಆಕಿದು.”

ಹೊಸ ಊರಿಗೆ ಹೋಗುವ ಹೆಣ್ಣುಮಕ್ಕಳಿಗೆ ನಾನು ಇಂದಿಗೂ ಹೇಳುವುದು ಇದನ್ನೇ. ಬಳೆ ಅಂಗಡಿ, ಬ್ಲೌಸ್ ಹೊಲಿಯುವ ಟೇಲರಮ್ಮ, ಹೂ ಮಾರುವವಳು, ಈ ಮೂವರಲ್ಲಿ ಯಾರನ್ನಾದರೂ ಕೇಳಿ. ಅವರು ತಮ್ಮ ಗಿರಾಕಿಯನ್ನು ಕೆಟ್ಟ ಜಾಗಕ್ಕೆ ಕಳಿಸುವುದಿಲ್ಲ, ಕಳಿಸಿದರೆ ಗಿರಾಕಿ ಮತ್ತೆ ಅವರಲ್ಲಿಗೆ ಬರುವುದಿಲ್ಲ.

ಹಸಿರು ಪರದೆಯ ಹಿಂದೆ ಇದ್ದದ್ದು ಮನೆಯ ಮುಂದಿನ ಕೋಣೆ. ಫರಸಿ ನೆಲ, ಗೋಡೆಗೆ ಒಂದು ಉದ್ದ ಕನ್ನಡಿ, ಹಿಂದಕ್ಕೆ ಬಾಗುವ ಒಂದು ಕುರ್ಚಿ, ಮೂಲೆಯಲ್ಲಿ ಮುಚ್ಚಳವಿದ್ದ ಸ್ಟೀಲಿನ ಪಾತ್ರೆ. ಪಾರ್ಲರಿನಾಕೆ ನನಗಿಂತ ಸ್ವಲ್ಪ ದೊಡ್ಡವಳು. ಹೈದರಾಬಾದಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕೋರ್ಸು ಮಾಡಿದ್ದಳು. ಮದುವೆಯಾಗಿ ಸೇಡಂಗೆ ಬಂದ ಮೇಲೆ, ಮಾವ ಒಪ್ಪುವುದಕ್ಕೆ ಬಹಳ ವರ್ಷ ಹಿಡಿದು, ಕೊನೆಗೆ ಬೋರ್ಡ್ ಹಾಕಬಾರದು ಎಂಬ ಕರಾರಿನ ಮೇಲೆ ಈ ಕೋಣೆ ಸಿಕ್ಕಿತ್ತು.

ನಾನು ಕೇಳಿದ್ದು ಐಬ್ರೋ ಮತ್ತು ಕೂದಲಿಗೆ ಸ್ಪಾ. ಅವಳು ನನ್ನ ಬಾಚಣಿಗೆ ಕೇಳಿ ತೆಗೆದುಕೊಂಡಳು. ಅದರಲ್ಲಿ ಸಿಕ್ಕಿಕೊಂಡಿದ್ದ ಕೂದಲನ್ನು ಒಂದೊಂದಾಗಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಎರಡೂ ತುದಿ ನೋಡಿದಳು.

“ಯಾವ ನೀರ್ರಿ ಅಕ್ಕಾರ, ನಳದ್ದೋ ಬೋರಿಂದೋ?”

“ಬೋರಿಂದು.”

“ನೋಡ್ರಿ, ಬುಡದಾಗ ಬಿಳಿ ಗಂಟಿಲ್ಲ. ಇವು ಉದುರಿದ್ದಲ್ಲ, ನಡುವ ಮುರದಾವ. ಎಣ್ಣಿ ಬದಲಿ ಮಾಡಬ್ಯಾಡ್ರಿ, ಮೊದಲ ನೀರ್ ಬದಲಿ ಮಾಡ್ರಿ.”

ಬೇರಿನಿಂದ ಕಿತ್ತು ಬಂದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಉಂಡೆ ಇರುತ್ತದೆ, ಮುರಿದ ಕೂದಲಿನಲ್ಲಿ ಇರುವುದಿಲ್ಲ. ದುಬಾರಿ ಎಣ್ಣೆ ಬರೆದುಕೊಟ್ಟ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಅವಳು ಕಲಿಸಿದ ಉಪಾಯ ಇಷ್ಟೇ: ನೀರನ್ನು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳಕ್ಕೆ ಕೂತ ಬಿಳಿ ಪುಡಿ ಕಲಕದಂತೆ ಮೇಲಿನ ನೀರು ಬಸಿದುಕೊಳ್ಳಬೇಕು. ಕಡೆಯ ತಂಬಿಗೆಗೆ ಒಂದಿಷ್ಟು ಲಿಂಬಿರಸ ಹಿಂಡಬೇಕು. ಸುಣ್ಣದಕಲ್ಲಿನ ಸೀಮೆಯ ನೀರಿನಲ್ಲಿರುವ ಬೈಕಾರ್ಬೊನೇಟ್ ಕುದಿಸಿದಾಗ ಸುಣ್ಣವಾಗಿ ತಳ ಹಿಡಿಯುತ್ತದೆ, ನೀರು ಮೆದುವಾಗುತ್ತದೆ. ಹುಳಿ ಕೂದಲಿಗೆ ಅಂಟಿದ ಜಿಡ್ಡನ್ನು ಬಿಡಿಸುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಸಂಗತಿಯೇ. ಆಕೆ ಅದನ್ನು ತನ್ನ ಅತ್ತೆಯ ಹಂಡೆಯ ತಳ ನೋಡಿ ಕಲಿತಿದ್ದಳು. ಕೂದಲಿಗೆ ಸ್ಪಾ ಮಾಡಿಸಿಕೊಳ್ಳಲು ದುಡ್ಡು ಹಿಡಿದು ಹೋದವಳಿಗೆ ಸ್ಪಾ ಬೇಡ ಎಂದು ಹೇಳಿ ಐಬ್ರೋ ಮಾತ್ರ ಮಾಡಿ ಕಳಿಸಿದಳು.

ಒಳ್ಳೆಯ ಪಾರ್ಲರಿನ ಗುರುತು ಏನೆಂದು ನನಗೆ ಅವತ್ತು ಗೊತ್ತಾಯಿತು. ಗಿರಾಕಿ ಕೇಳಿದ್ದನ್ನು ಮಾಡಿಕೊಡುವವರು ಎಲ್ಲೆಲ್ಲೂ ಇದ್ದಾರೆ. ಇದು ಬೇಡ ಎನ್ನಬಲ್ಲವರು ಅಪರೂಪ. ಒಮ್ಮೆ ಮೇ ತಿಂಗಳಲ್ಲಿ, ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ, ತಮ್ಮನ ಮದುವೆಗೆಂದು ಬ್ಲೀಚ್ ಮಾಡು ಎಂದೆ. ನನ್ನ ಕೆನ್ನೆ ಮುಟ್ಟಿ ನೋಡಿ ಅಂದಳು: “ಈಗ ಬ್ಯಾಡ್ರಿ. ಬಿಸಲಿಗಿ ಮಾರಿ ಉರಿಲತ್ತದ. ಅದರ ಮ್ಯಾಲ ಬ್ಲೀಚ್ ಹಚ್ಚಿದ್ರ ಸುಡ್ತದ. ಮೊಸರು ಹಚ್ಕೋತ ಹೋಗ್ರಿ, ಆಮ್ಯಾಲ ನೋಡಮ್ರಿ.” ಅಂದು ಅವಳಿಗೆ ಬೇರೆ ಗಿರಾಕಿ ಇರಲಿಲ್ಲ. ಬಂದ ಸಂಪಾದನೆಯನ್ನು ಅವಳು ಕೈಯಾರೆ ಬಿಟ್ಟುಕೊಟ್ಟಳು.

ಅವಳು ಐಬ್ರೋ ಮಾಡುವುದನ್ನು ನೋಡಬೇಕು. ಸಾಮಾನ್ಯವಾಗಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಹಿಂದಿನವರಿಗೆ ಕಚ್ಚಿದ ಉಂಡೆಯ ದಾರವೇ ಮುಂದಿನವರಿಗೂ. ಇವಳು ದಾರವನ್ನು ಕುತ್ತಿಗೆಯ ಹಿಂದಿನಿಂದ ಸುತ್ತಿ ತಂದು ಕೈಯಲ್ಲಿ ಹಿಡಿಯುತ್ತಿದ್ದಳು, ಬಾಯಿಗೆ ತಾಗಿಸುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಹೊಸ ದಾರ. ಹುಬ್ಬಿನ ಮೇಲೊಂದು ಕೆಳಗೊಂದು ಬೆರಳಿಟ್ಟು ಚರ್ಮವನ್ನು ಬಿಗಿಯಾಗಿ ಹಿಡಿದುಕೊಳ್ಳಲು ನಮಗೆ ಹೇಳುತ್ತಿದ್ದಳು. ಚರ್ಮ ಸಡಿಲವಿದ್ದರೆ ದಾರ ಕೂದಲಿನ ಜೊತೆ ತೊಗಲನ್ನೂ ಕಚ್ಚುತ್ತದೆ. ಪೌಡರು, ಆಮೇಲೆ ಚರಚರ ಸದ್ದು, ಕಣ್ಣಲ್ಲಿ ನೀರು. ಮುಗಿದ ಕೂಡಲೇ ಹಿತ್ತಲಿನ ಲೋಳೆಸರ ಮುರಿದು ಹಚ್ಚುತ್ತಿದ್ದಳು. ಆ ಸ್ಟೀಲಿನ ಪಾತ್ರೆಯಲ್ಲಿ ಕುದಿಸಿದ ನೀರು, ಅದರಲ್ಲಿ ಚಿಮಟಿಗೆ, ಕತ್ತರಿ. ಬ್ಲೇಡಿನ ಕಾಗದವನ್ನು ನಮ್ಮ ಕಣ್ಣೆದುರೇ ಬಿಚ್ಚಿ, ಕೆಲಸವಾದ ಮೇಲೆ ನಮ್ಮೆದುರೇ ಮುರಿದು ಡಬ್ಬಿಗೆ ಹಾಕುತ್ತಿದ್ದಳು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿ ಕೂಡ, ಏಳು ದಿನ ಬದುಕಿರಬಲ್ಲದು. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರ ಚರ್ಮಕ್ಕೆ ತಾಗಬಾರದು ಎಂಬುದು ಅದಕ್ಕೇ. ನಗರದ ಹವಾನಿಯಂತ್ರಿತ ಪಾರ್ಲರುಗಳಲ್ಲಿ ಕೂಡ ಈ ಶಿಸ್ತನ್ನು ನಾನು ಎಲ್ಲ ಕಡೆ ಕಂಡಿಲ್ಲ.

ಆ ಕೋಣೆಯಲ್ಲಿ ಕೂತೇ ನನಗೆ ಆ ಸೀಮೆ ಅರ್ಥವಾಗಿದ್ದು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಅದೇ ಹಳಿಯ ಮೇಲಿವೆ. ಹಾಗಾಗಿ ಸೇಡಂನ ಮದುಮಗಳಿಗೆ ಹೈದರಾಬಾದ್ ಹತ್ತಿರ, ಬೆಂಗಳೂರು ದೂರ. ಮದುವೆ ಸೀಸನ್ನಿನಲ್ಲಿ ಪಾರ್ಲರಿಗೆ ಬರುವ ತಾಯಂದಿರು ತೆಲುಗು ಸೀರಿಯಲ್ಲಿನ ಜಡೆ ಬೇಕು ಎನ್ನುತ್ತಿದ್ದರು, ಅಜ್ಜಿಯಂದಿರು ದಂಡೆ ಕಟ್ಟಿ ಸಾಕು ಎನ್ನುತ್ತಿದ್ದರು. ಇಬ್ಬರ ನಡುವೆ ಮದುಮಗಳು ಕನ್ನಡಿ ನೋಡುತ್ತ ಸುಮ್ಮನೆ ಕೂತಿರುತ್ತಿದ್ದಳು. “ನೀ ಏನಂತಿ ಹೇಳವ್ವ, ತಲಿ ನಿಂದು” ಎಂದು ಅವಳನ್ನು ಕೇಳುತ್ತಿದ್ದವಳು ನನ್ನ ಪಾರ್ಲರಿನಾಕೆ ಮಾತ್ರ. ಇಡೀ ಮದುವೆಯಲ್ಲಿ ಆ ಹುಡುಗಿಯನ್ನು ಹಾಗೆ ಕೇಳಿದವರು ಇನ್ನೆಷ್ಟು ಜನರೋ.

ಮುಂದೆ ವಾಡಿ ಶಾಖೆಗೆ ನಿಯೋಜನೆಯಾಯಿತು. ವಾಡಿ ಬೇರೆಯೇ ಲೋಕ. ಮುಂಬೈ–ಚೆನ್ನೈ ಮಾರ್ಗದ ಜಂಕ್ಷನ್ನು, ರೈಲ್ವೆ ಕಾಲೊನಿ. 1968ರಿಂದ ಎಸಿಸಿ ಸಿಮೆಂಟ್ ಕಾರ್ಖಾನೆ ಇರುವ ಊರು. ಬಿಹಾರ, ರಾಜಸ್ಥಾನ, ಆಂಧ್ರ, ತಮಿಳುನಾಡಿನಿಂದ ಗಂಡಂದಿರ ಕೆಲಸಕ್ಕೆಂದು ಬಂದ ಹೆಂಗಸರೆಲ್ಲ ನನ್ನ ಹಾಗೆಯೇ ಹೊಸಬರು. ಅವರಿಗೆ ಇದು ಪರದೇಶವೇ. ಓಣಿಯ ಭಾಷೆ ಬಾರದು, ಸಂತೆಯಲ್ಲಿ ಚೌಕಾಸಿ ಮಾಡಲಾಗದು. ಪಾರ್ಲರಿನ ಕುರ್ಚಿಯಲ್ಲಿ ಕೂತರೆ ಮಾತ್ರ ಬಾಯಿ ಬಿಡುತ್ತಿದ್ದರು. ಅಲ್ಲಿನ ಒಂದು ಚಿಕ್ಕ ಪಾರ್ಲರಿನಲ್ಲಿ ಬಿಹಾರದ ಹೆಣ್ಣುಮಗಳೊಬ್ಬಳಿಗೆ ಬೈತಲೆ ಎಷ್ಟು ಅಗಲ ಬೇಕೆಂದು ಪಾರ್ಲರಿನಾಕೆಗೆ ಗೊತ್ತಿತ್ತು. ಛಟ್ ಹಬ್ಬಕ್ಕೆ ಮೂಗಿನಿಂದಲೇ ಸಿಂಧೂರದ ಗೆರೆ ಎಳೆಯುತ್ತಾರೆ, ಬೈತಲೆ ನೇರವಿರಬೇಕು ಎಂದು ಅವಳು ನನಗೆ ವಿವರಿಸಿದಳು. ಅವಳು ವಾಡಿಯ ಆಚೆ ಹೆಚ್ಚು ದೂರ ಹೋದವಳೇ ಅಲ್ಲ. ಇಡೀ ದೇಶವೇ ಅವಳ ಕುರ್ಚಿಗೆ ಬಂದು ಕೂತು ಹೋಗುತ್ತಿತ್ತು.

ಶಹಾಬಾದಿನಲ್ಲಿ ರಂಜಾನಿನ ಚಾಂದ್ ರಾತ್ ದಿನ ಒಂದು ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ಚಾಪೆ ಹಾಸಿ ಹೆಣ್ಣುಮಕ್ಕಳೆಲ್ಲ ಕೈ ಚಾಚಿಕೊಂಡು ಕೂತಿದ್ದರು. ಮೆಹಂದಿ ಹಾಕುತ್ತಿದ್ದ ಆಪಾಗೆ ರಾತ್ರಿ ನಿದ್ದೆಯಿಲ್ಲ. ಹಿಂದೂ ಮುಸ್ಲಿಂ ಎಂಬ ಸಾಲು ಬೇರೆ ಇರಲಿಲ್ಲ, ಮೊದಲು ಬಂದವರಿಗೆ ಮೊದಲು. ಚಿಂಚೋಳಿಗೆ ಹೋದದ್ದು ಕಡಿಮೆ. ತಾಂಡಾಗಳ ನಾಡು ಅದು. ಕನ್ನಡಿ ಹೊಲಿದ ಬಟ್ಟೆಯ ಹಿರಿಯ ಲಂಬಾಣಿ ಅಜ್ಜಿಯೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕಿವಿಯ ಬದಿಯ ಕೂದಲಿಗೆ ಕಟ್ಟಿದ ಬೆಳ್ಳಿಯ ಒಡವೆಯನ್ನು ಬಿಚ್ಚದೆಯೇ ತಲೆ ಬಾಚುವ ಬಗೆ ತೋರಿಸಿದಳು. ಆ ವಿದ್ಯೆಗೆ ಯಾವ ಪಾರ್ಲರೂ ಇಲ್ಲ.

ಅಲಂಕಾರ ಈ ನೆಲಕ್ಕೆ ಹೊರಗಿನಿಂದ ಬಂದ ಚಟ ಎಂದು ಮೂಗು ಮುರಿಯುವವರಿಗೆ ನಾನು ಕನಗನಹಳ್ಳಿ ತೋರಿಸಬೇಕೆನಿಸುತ್ತದೆ. ಚಿತ್ತಾಪುರ ಸೀಮೆಯಲ್ಲಿ, ಭೀಮಾ ದಂಡೆಯ ಸನ್ನತಿಯ ಪಕ್ಕದ ಊರು. ಶಾತವಾಹನರ ಕಾಲದ ಬೌದ್ಧ ಸ್ತೂಪ ಅಲ್ಲಿ 1990ರ ದಶಕದ ಉತ್ಖನನದಲ್ಲಿ ಹೊರಬಂತು. ಅಶೋಕನ ಹೆಸರು ಕೆತ್ತಿದ ಅವನ ಚಿತ್ರವೂ ಅಲ್ಲೇ ಸಿಕ್ಕಿತು. ಎಲ್ಲರೂ ಅಶೋಕನನ್ನು ನೋಡಿ ಬರುತ್ತಾರೆ. ಸುತ್ತಲಿರುವ ಹೆಂಗಸರನ್ನು ನೋಡಿ. ತುರುಬು, ಹಣೆಯ ಆಭರಣ, ಕೈತುಂಬ ಬಳೆ, ಕಾಲಿಗೆ ದಪ್ಪ ಕಡಗ. ಕೆತ್ತಿದ್ದು ಇದೇ ಸೀಮೆಯ ಸುಣ್ಣದಕಲ್ಲಿನಲ್ಲಿ. ಆ ತುರುಬುಗಳನ್ನು ಕಟ್ಟಿದ ಕೈಗಳು ಯಾರವೆಂದು ಯಾವ ಶಾಸನವೂ ಹೇಳುವುದಿಲ್ಲ.

ಈಗ ಕಹಿಯ ಸಂಗತಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳ ತಂಗಿಗೆ ಮದುವೆ. ಮೆಹಂದಿ ಕಪ್ಪಗೆ ಕಾಣಲಿ, ಬೇಗ ಆಗಲಿ ಎಂದು ಒಂದು ಪಾರ್ಲರಿನಲ್ಲಿ ಕಪ್ಪು ಕೋನ್ ಹಾಕಿಸಿದರು. ಅಕ್ಷತೆಯ ಹೊತ್ತಿಗೆ ಎರಡೂ ಕೈಯಲ್ಲಿ ಚಿತ್ತಾರದ ಗೆರೆಗುಂಟ ಬೊಕ್ಕೆಗಳು. ಮದುಮಗಳು ಕೈ ಮೇಲೆತ್ತಲಾಗದೆ ಅಳುತ್ತಿದ್ದಳು. ಬಂದವರು ನೋಡದಿರಲೆಂದು ಮದರಂಗಿಯ ಕೈಗಳಿಗೆ ಸೆರಗು ಮುಚ್ಚಿದ್ದರು. ನನ್ನ ಸೇಡಂನವಳಿಗೆ ಹೇಳಿದಾಗ ಅವಳಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಮೆಹಂದಿ ಎಲೆಗೆ ಕಪ್ಪು ಬಣ್ಣವೇ ಇಲ್ಲ. ಕಿತ್ತಳೆಯಾಗಿ ಹಿಡಿದು, ಒಂದೆರಡು ದಿನದಲ್ಲಿ ಕಡುಗೆಂಪಾಗಿ ಕಂದಾಗುತ್ತದೆ, ಅಷ್ಟೇ. ಕಪ್ಪಾಗುವ ಕೋನಿನಲ್ಲಿ ಹೆಚ್ಚಾಗಿ ಬೆರೆಸಿರುವುದು ಪಿಪಿಡಿ ಎಂಬ ರಾಸಾಯನಿಕ, ಕೂದಲು ಕಪ್ಪು ಮಾಡುವ ಬಹಳಷ್ಟು ಬಣ್ಣಗಳಲ್ಲಿರುವುದೇ. ಅದು ಒಗ್ಗದವರ ಚರ್ಮ ಹೀಗೆ ಸುಟ್ಟಂತಾಗುತ್ತದೆ. ಒಮ್ಮೆ ಹೀಗಾದವರಿಗೆ ಮುಂದೆ ಕೂದಲ ಬಣ್ಣ ಹಚ್ಚಿದಾಗಲೂ ಅಪಾಯ ತಪ್ಪಿದ್ದಲ್ಲ. ಅದಕ್ಕೇ ಅವಳು ಯಾರಿಗೇ ಬಣ್ಣ ಹಚ್ಚುವುದಿದ್ದರೂ ಎರಡು ದಿನ ಮೊದಲು ಕರೆಸಿ, ಕಿವಿಯ ಹಿಂದೆ ಚೂರು ಹಚ್ಚಿ ಕಳಿಸುತ್ತಿದ್ದಳು. ಅಷ್ಟು ಕಾಯಲಾಗದವರು ಬೇರೆ ಕಡೆ ಹೋಗುತ್ತಿದ್ದರು. ಹೋಗಲಿ ಬಿಡ್ರಿ ಎನ್ನುತ್ತಿದ್ದಳು.

ಇಷ್ಟು ನಿಷ್ಠೆಯ ಕೆಲಸಕ್ಕೆ ಅವಳಿಗೆ ಸಿಗುತ್ತಿದ್ದದ್ದೇನು? ಕಂಪನಿಯ ಕ್ರೀಮಿಗೆ ಮಾತಿಲ್ಲದೆ ನೂರಾರು ರೂಪಾಯಿ ಕೊಟ್ಟು ಬರುವ ಹೆಂಗಸರು, ಬೆನ್ನು ಬಾಗಿಸಿ ಕೆಲಸ ಮಾಡುವ ಅವಳೊಂದಿಗೆ ಹತ್ತು ರೂಪಾಯಿಗೆ ಜಗ್ಗಾಡುತ್ತಿದ್ದರು. ಮನೆಯಲ್ಲೇ ಮಾಡುತ್ತಾಳಲ್ಲ, ಬಾಡಿಗೆಯೇನು ಕೊಡಬೇಕು ಎಂಬ ತರ್ಕ ಬೇರೆ. ಪ್ರತಿಯೊಬ್ಬರಿಗೂ ಹೊಸ ದಾರ, ಹೊಸ ಬ್ಲೇಡು, ಕುದಿಸಿದ ಟವೆಲು ಎಂದರೆ ಖರ್ಚು. ಆ ಖರ್ಚನ್ನು ನಾವು ಕೊಡದಿದ್ದರೆ ಅವಳ ಶಿಸ್ತು ಉಳಿಯುವುದಾದರೂ ಹೇಗೆ? ಜಗ್ಗಾಡಿ ಇಳಿಸಿದ ರೇಟಿನಲ್ಲಿ ಮೊದಲು ಹೋಗುವುದು ಶುಚಿತ್ವವೇ. ಇದನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುತ್ತಲೇ ಇರುತ್ತೇನೆ.

ಐಟಿಐಗಳಲ್ಲಿ ಕಲಿಸಬಹುದಾದ ಒಂದು ವರ್ಷದ ಕಾಸ್ಮೆಟಾಲಜಿ ತರಬೇತಿ ದೇಶದಲ್ಲಿದೆ. ಈ ಸೀಮೆಯ ಊರುಗಳ ಹೆಣ್ಣುಮಕ್ಕಳು ಹೈದರಾಬಾದಿನಲ್ಲಿ ಅಕ್ಕನ ಮನೆ ಇದ್ದರಷ್ಟೇ ಈ ವಿದ್ಯೆ ಕಲಿಯುವಂತಿರಬಾರದು. ಅವರವರ ಊರಲ್ಲೇ, ಬೋರ್ಡ್ ಹಾಕಿಕೊಂಡು, ಚರ್ಮದ ಬಗ್ಗೆ, ಸೋಂಕಿನ ಬಗ್ಗೆ ಸರಿಯಾಗಿ ಕಲಿತು ಕೆಲಸ ಮಾಡುವಂತಾಗಬೇಕು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಮೀಸಲು, ಅನುದಾನ ಎಂದೆಲ್ಲ ಮಾತಾಡುವವರ ಪಟ್ಟಿಯಲ್ಲಿ ಈ ಕೆಲಸಕ್ಕೂ ಜಾಗವಿರಲಿ.

ನಾನು ಆ ಸೀಮೆ ಬಿಟ್ಟು ಬಂದು ವರ್ಷಗಳಾದವು. ಸೇಡಂನವಳ ಮಾವ ತೀರಿಕೊಂಡ ಮೇಲೆ ಹಸಿರು ಪರದೆಯ ಪಕ್ಕಕ್ಕೆ ಬೋರ್ಡ್ ಬಂದಿದೆ ಎಂದು ಬಳೆ ಅಂಗಡಿಯವನು ಫೋನಿನಲ್ಲಿ ಹೇಳಿದ.

ಹೊಸದಾಗಿ ಆ ಕಡೆಗೆ ವರ್ಗವಾಗಿಯೋ ಮದುವೆಯಾಗಿಯೋ ಹೋಗುವ ತಂಗಿಯರು ಇದನ್ನು ಓದುತ್ತಿದ್ದರೆ ಒಂದು ಮಾತು. ತಲೆಗೆ ಹಾಕುವ ನೀರು ಕುದಿಸಿ. ಬ್ಲೇಡು ನಿಮ್ಮೆದುರೇ ಬಿಚ್ಚಲು ಹೇಳಿ, ಹೇಳಲು ನಾಚಬೇಡಿ. ಕೂದಲಿಗೆ ಬಣ್ಣ ಹಚ್ಚಿಸುವ 48 ಗಂಟೆ ಮೊದಲೇ ಕಿವಿಯ ಹಿಂದೆ ಪರೀಕ್ಷೆ ಮಾಡಿಸಿಕೊಳ್ಳಿ, ಕಪ್ಪು ಕೋನಿಗೆ ಕೈ ಕೊಡಲೇಬೇಡಿ. ಕೆಲಸ ಮುಗಿದ ಮೇಲೆ ಅವಳು ಕೇಳಿದಷ್ಟು ದುಡ್ಡನ್ನು ಚೌಕಾಸಿ ಮಾಡದೆ ಕೊಟ್ಟು ಬನ್ನಿ.